ಎಂಜಿನ್‌ಗಾಗಿ ಕಾದ ಎರಡು ವಿಮಾನಗಳು

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಹಳೇ ಫೈಟರ್ ಜೆಟ್ ಇದೆ, ನೋಡಿರ್ತೀರ. ನಮ್ಮ ಎಚ್‌ಎಎಲ್ ಕಟ್ಟಿದ ಮಾರುತ್ ಅದು. ಅದಕ್ಕೆ ಈಜಿಪ್ಟಿನಲ್ಲಿ ಒಬ್ಬ ಜೊತೆಗಾರನಿದ್ದ. ಹೆಸರು ಎಚ್‌ಎ-300.

ಮಹಾಯುದ್ಧದಲ್ಲಿ ಜರ್ಮನಿಯ ಫೈಟರ್‌ಗಳನ್ನು ರೂಪಿಸಿದ್ದ ವಿಲ್ಲಿ ಮೆಸ್ಸರ್‌ಶ್ಮಿಟ್, ಯುದ್ಧ ಮುಗಿದ ಮೇಲೆ ಸ್ಪೇನಿನಲ್ಲಿ ಇದರ ವಿನ್ಯಾಸ ಶುರುಮಾಡಿದರು. ಹಗುರ ಮೈ, ಶಬ್ದದ ಎರಡು ಪಟ್ಟು ವೇಗ, ಇದು ಗುರಿ. ಸ್ಪೇನ್ ಅರ್ಧಕ್ಕೇ ಕೈಬಿಟ್ಟಿತು. ನಾಸರ್ ಅವರ ಈಜಿಪ್ಟ್ ಇಡೀ ಯೋಜನೆಯನ್ನು ಕೈರೋ ಪಕ್ಕದ ಹೆಲ್ವಾನ್‌ಗೆ ಎತ್ತಿಕೊಂಡು ಬಂತು. ಅದಕ್ಕೆ ಬೇಕಾದ ಇ-300 ಎಂಜಿನ್ ಮಾಡಲು ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಬಂದರು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಬ್ಬ ಜರ್ಮನ್, ಕುರ್ಟ್ ಟ್ಯಾಂಕ್, ಮಾರುತ್ ರೂಪಿಸಿದ್ದರು. 1961ರಲ್ಲಿ ಅದು ಹಾರಿತು. ಮೈಕಟ್ಟು ಚೆನ್ನಾಗಿತ್ತು, ದಮ್ಮೇ ಸಾಲದು! ಒಳಗಿದ್ದದ್ದು ಬ್ರಿಟನ್ನಿನ ಎರಡು ಆರ್ಫಿಯಸ್ 703 ಎಂಜಿನ್. ಅದರ ಹೆಚ್ಚು ಶಕ್ತಿಯ ಮಾದರಿ ಬೇಕಂದ್ರೆ ಅಭಿವೃದ್ಧಿಯ ಖರ್ಚು ನಾವು ಹಾಕಬೇಕಿತ್ತು, ದಿಲ್ಲಿ ಒಪ್ಪಲಿಲ್ಲ. ಹೀಗಾಗಿ ನಮ್ಮ ಕಣ್ಣು ಈಜಿಪ್ಟಿನ ಎಂಜಿನ್ ಮೇಲೆ ಬಿತ್ತು. ಅಲಿಪ್ತ ದೇಶಗಳೆರಡು, ಇಬ್ಬರಿಗೂ ಒಂದೇ ಕೊರತೆ.

1964ರ ಮಾರ್ಚ್ 7ರಂದು ಎಚ್‌ಎ-300 ಮೊದಲ ಸಲ ನೆಲ ಬಿಟ್ಟಿತು. ಕಾಕ್‌ಪಿಟ್‌ನಲ್ಲಿದ್ದವರು ಭಾರತೀಯ ವಾಯುಪಡೆಯ ಟೆಸ್ಟ್ ಪೈಲಟ್ ಕಪಿಲ್ ಭಾರ್ಗವ. ಆದರೆ ಇ-300 ಇನ್ನೂ ತಯಾರಾಗಿರಲಿಲ್ಲ. ಹಾರಿಸಿದ್ದು ಅದೇ ಆರ್ಫಿಯಸ್, ಅಂದ್ರೆ ಕಡ ತಂದ ಎಂಜಿನ್ನು.

ಇ-300 ಪರೀಕ್ಷೆಗೆ ನಾವು ಒಂದು ಮಾರುತ್ ಅನ್ನೇ ಈಜಿಪ್ಟಿಗೆ ಕಳಿಸಿದೆವು. 1967ರ ಮಾರ್ಚ್‌ನಲ್ಲಿ ಒಂದು ಕಡೆ ಇ-300, ಇನ್ನೊಂದು ಕಡೆ ಆರ್ಫಿಯಸ್ ಇಟ್ಟುಕೊಂಡು ಅದು ಹಾರಿತು. ಇನ್ನೇನು ದಡ ಸೇರಿತು ಅನ್ನುವಷ್ಟರಲ್ಲಿ, ಜೂನ್‌ನಲ್ಲಿ ಇಸ್ರೇಲ್ ಜೊತೆಗಿನ ಆರು ದಿನಗಳ ಯುದ್ಧದಲ್ಲಿ ಈಜಿಪ್ಟ್ ಸೋತಿತು. ಖಜಾನೆ ಬರಿದಾಯ್ತು. ಹೇಗಿದ್ರೂ ಸೋವಿಯತ್ ಮಿಗ್‌ಗಳು ಸಿಗ್ತಿದ್ವು. 1969ರ ಮೇನಲ್ಲಿ ಯೋಜನೆ ನಿಂತೇಹೋಯ್ತು. ಎಚ್‌ಎ-300 ತನ್ನದೇ ಎಂಜಿನ್‌ನಲ್ಲಿ ಒಮ್ಮೆಯೂ ಹಾರಲಿಲ್ಲ.

ಮಾರುತ್ ಮಾತ್ರ ಹಳೇ ಎಂಜಿನ್‌ನಲ್ಲೇ ಬಾಳಿತು. 1971ರ ಯುದ್ಧದಲ್ಲಿ ಕೆಲಸವನ್ನೂ ಮಾಡಿತು. ಎಚ್‌ಎ-300 ಈಗ ಮ್ಯೂನಿಕ್ ಹತ್ತಿರದ ಮ್ಯೂಸಿಯಂ ಒಂದರಲ್ಲಿದೆ.

'ಆರಂಭಶೂರತ್ವ' ಅಂತ ಇದನ್ನು ತಳ್ಳಿಹಾಕೋದು ಸುಲಭ. ಆದ್ರೆ ವಿಮಾನದ ಮೈ ಕಟ್ಟೋದು ಒಂದು ವಿದ್ಯೆ, ಎಂಜಿನ್ ಮಾಡೋದು ಬೇರೆಯೇ ವಿದ್ಯೆ. ಎರಡನೆಯದಕ್ಕೆ ದಶಕಗಳ ದುಡ್ಡೂ ಬೇಕು, ತಾಳ್ಮೆಯೂ ಬೇಕು. ಮುಂದಿನ ಸಲ ಬೆಂಗಳೂರಿನ ಆಕಾಶದಲ್ಲಿ ತೇಜಸ್ ಗುಡುಗಿದಾಗ ತಲೆ ಎತ್ತಿ ನೋಡಿ. ವಿಮಾನ ನಮ್ಮದು. ಆ ಗುಡುಗು ಇವತ್ತಿಗೂ ಅಮೆರಿಕದ್ದು.