ಹಸಿವು ತಗ್ಗಿಸುವ ಔಷಧ: ವೈದ್ಯರ ಚೀಟಿ ಏಕೆ ಬೇಕು?

ತೂಕ ಇಳಿಸುವ ಸಲುವಾಗಿ ಹಸಿವನ್ನು ತಗ್ಗಿಸುವ ಔಷಧಗಳು ಹೊಸವೇನಲ್ಲ. ಅರ್ಧ ಶತಮಾನಕ್ಕೂ ಮಿಕ್ಕಿದ ಅವುಗಳ ಚರಿತ್ರೆಯಲ್ಲಿ ಒಂದೇ ಕಥೆ ಮತ್ತೆ ಮತ್ತೆ ನಡೆದಿದೆ. ಔಷಧ ಮಾರುಕಟ್ಟೆಗೆ ಬಂದು ಜನಪ್ರಿಯವಾಗುತ್ತದೆ. ಕೆಲವು ವರ್ಷಗಳ ಬಳಿಕ ಅದರ ಹಾನಿ ಬೆಳಕಿಗೆ ಬಂದು ಅಂಗಡಿಯಿಂದ ಕಣ್ಮರೆಯಾಗುತ್ತದೆ.

ಅಮೆರಿಕದಲ್ಲಿ ಫೆಂಟರ್ಮಿನ್ ಜೊತೆ ಸೇರಿಸಿ ಕೊಡಲಾಗುತ್ತಿದ್ದ ಫೆನ್‌ಫ್ಲುರಮಿನ್, ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು ತಿಳಿದ ಮೇಲೆ 1997ರಲ್ಲಿ ಹಿಂದೆಗೆಯಲ್ಪಟ್ಟಿತು. ರಿಮೊನಬಾಂಟ್ ಖಿನ್ನತೆ ಹಾಗೂ ಆತ್ಮಹತ್ಯೆಯ ಯೋಚನೆಗಳಿಗೆ ಎಡೆಮಾಡಿದ್ದರಿಂದ 2008ರಲ್ಲಿ ಯೂರೋಪಿನಲ್ಲಿ ಅದರ ಮಾರಾಟ ನಿಂತಿತು. 2009ರಲ್ಲಿ ಭಾರತವೂ ಅದನ್ನು ನಿಷೇಧಿಸಿತು. ಲಾರ್ಕಸೆರಿನ್ ಕ್ಯಾನ್ಸರ್ ಶಂಕೆಯಿಂದ 2020ರಲ್ಲಿ ಹೋಯಿತು.

ಇವುಗಳಲ್ಲಿ ಸಿಬುಟ್ರಮಿನ್‌ನದು ಹೆಚ್ಚು ಬೋಧಪ್ರದವಾದ ಪ್ರಕರಣ. ಹೃದ್ರೋಗದ ಅಪಾಯವಿದ್ದ ಸುಮಾರು 10 ಸಾವಿರ ಜನರ ಮೇಲೆ ನಡೆದ ಅಧ್ಯಯನದಲ್ಲಿ, ಹುಸಿಗುಳಿಗೆ ಪಡೆದವರ ಪೈಕಿ ಶೇ. 10ರಷ್ಟು ಮಂದಿಗೆ ಹೃದಯಾಘಾತ, ಪಾರ್ಶ್ವವಾಯುವಿನಂತಹ ತೊಂದರೆಗಳಾದರೆ, ಔಷಧ ಪಡೆದವರಲ್ಲಿ ಆ ಪ್ರಮಾಣ ಶೇ. 11.4 ಆಗಿತ್ತು. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಕೆಲವೇ ಕಿಲೋ ಇಳಿಸಿಕೊಳ್ಳಲು ತೆರಬೇಕಾದ ಬೆಲೆಯಾಗಿ ಅದು ಅಲ್ಪವಲ್ಲ. 2010ರಲ್ಲಿ ಯೂರೋಪ್ ಮತ್ತು ಅಮೆರಿಕದಲ್ಲಿ ಅದರ ಮಾರಾಟ ನಿಂತಿತು. 2011ರ ಫೆಬ್ರವರಿಯಲ್ಲಿ ಭಾರತ ಅದನ್ನು ನಿಷೇಧಿಸಿತು. ಇಷ್ಟಾದರೂ ಅದು ಪೂರ್ತಿ ಮರೆಯಾಗಿಲ್ಲ. ‘ಗಿಡಮೂಲಿಕೆ’ ಹೆಸರಿನ ತೂಕ ಇಳಿಸುವ ಮಾತ್ರೆಗಳಲ್ಲಿ ಗುಟ್ಟಾಗಿ ಬೆರೆಸಿದ ಸಿಬುಟ್ರಮಿನ್ ಪತ್ತೆಯಾದುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹಲವು ಬಾರಿ ಪ್ರಕಟಿಸಿದೆ. ಪೊಟ್ಟಣದ ಮೇಲೆ ಎಲೆಯ ಚಿತ್ರವಿದ್ದ ಮಾತ್ರಕ್ಕೆ ಒಳಗಿರುವುದು ಎಲೆಯೆಂದು ನಂಬಲಾಗದು.

ಹೊಸ ಚುಚ್ಚುಮದ್ದುಗಳು

ಈಗ ಎಲ್ಲರ ಬಾಯಲ್ಲಿರುವುದು ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್. ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಭಾರತಕ್ಕೆ ಬಂದದ್ದು 2025ರ ಜೂನ್‌ನಲ್ಲಿ. ಟಿರ್ಜೆಪಟೈಡ್ ಅದೇ ವರ್ಷದ ಮಾರ್ಚ್‌ನಲ್ಲಿ. ಊಟದ ನಂತರ ಕರುಳಿನಲ್ಲಿ ಸ್ರವಿಸುವ ಹಾರ್ಮೋನನ್ನು ಇವು ಅನುಕರಿಸುತ್ತವೆ. ಮೆದುಳಿಗೆ ‘ಹೊಟ್ಟೆ ತುಂಬಿತು’ ಎಂಬ ಸಂದೇಶ ಹೋಗುತ್ತದೆ, ಜಠರ ನಿಧಾನವಾಗಿ ಬರಿದಾಗುತ್ತದೆ. ಮಧುಮೇಹವಿಲ್ಲದ ಸ್ಥೂಲಕಾಯರ ಮೇಲೆ 68 ವಾರ ನಡೆದ ಪ್ರಮುಖ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ. 14.9ರಷ್ಟು ಇಳಿದಿತ್ತು. ಹಳೆಯ ಮಾತ್ರೆಗಳಿಂದ ಇಷ್ಟು ಫಲ ಸಿಕ್ಕಿರಲಿಲ್ಲ.

ಆದರೆ ಇವು ಮೈಕಟ್ಟು ತಿದ್ದುವ ಸೌಂದರ್ಯ ಸಾಧನಗಳಲ್ಲ. ದೇಹತೂಕ ಸೂಚ್ಯಂಕ 30 ಅಥವಾ ಹೆಚ್ಚು ಇರುವವರಿಗೆ, ಇಲ್ಲವೇ 27 ದಾಟಿ ರಕ್ತದೊತ್ತಡ, ಮಧುಮೇಹದಂತಹ ತೊಂದರೆಯೂ ಇರುವವರಿಗೆ ಇವು ಸಲ್ಲುತ್ತವೆ. ಐದು ಅಡಿ ಮೂರು ಅಂಗುಲ ಎತ್ತರದವರಿಗೆ ಸೂಚ್ಯಂಕ 30 ಎಂದರೆ ಸುಮಾರು 77 ಕಿಲೋ. ಮದುವೆಗೆ ಮುನ್ನ ನಾಲ್ಕು ಕಿಲೋ ಕರಗಿಸಬೇಕೆನ್ನುವವರು ಈ ಲೆಕ್ಕದೊಳಗೆ ಬರುವುದಿಲ್ಲ.

ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗಾಗಲೀ ಮನೆತನದಲ್ಲಾಗಲೀ ಬಂದಿದ್ದವರು ಇವನ್ನು ಬಳಸಕೂಡದು. ಗರ್ಭಿಣಿಯರಿಗೂ ಸಲ್ಲದು; ಗರ್ಭ ಧರಿಸುವ ಯೋಚನೆಯಿದ್ದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಆರಂಭಿಸಿದಾಗ ಗರ್ಭನಿರೋಧಕ ಮಾತ್ರೆಯ ಪ್ರಭಾವ ಕುಗ್ಗುವ ಸಂಭವವಿದೆ ಎಂಬುದನ್ನು ಮಹಿಳೆಯರು ಗಮನಿಸಬೇಕು. ಇನ್ಸುಲಿನ್ ಪಡೆಯುತ್ತಿರುವ ಮಧುಮೇಹಿಗಳಲ್ಲಿ ಸಕ್ಕರೆ ಅಂಶ ಅಪಾಯಕರವಾಗಿ ಕುಸಿಯಬಹುದಾದ್ದರಿಂದ ವೈದ್ಯರು ಇನ್ಸುಲಿನ್ ಪ್ರಮಾಣವನ್ನು ಮರುಹೊಂದಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಹೋಗುವವರು ಅರಿವಳಿಕೆ ತಜ್ಞರಿಗೆ ಇದನ್ನು ಮುಂಚಿತವಾಗಿ ತಿಳಿಸತಕ್ಕದ್ದು; ಜಠರದಲ್ಲಿ ಉಳಿದ ಆಹಾರ ಶ್ವಾಸಕೋಶಕ್ಕೆ ಸೇರುವ ಅಪಾಯವಿರುತ್ತದೆ.

ಅವಸರ ಸಲ್ಲದು

ಸೆಮಾಗ್ಲುಟೈಡನ್ನು ವಾರಕ್ಕೊಮ್ಮೆ 0.25 ಮಿಲಿಗ್ರಾಂನಿಂದ ಆರಂಭಿಸಿ, ನಾಲ್ಕು ವಾರಕ್ಕೊಮ್ಮೆ ಹಂತಹಂತವಾಗಿ 2.4 ಮಿಲಿಗ್ರಾಂವರೆಗೆ ಏರಿಸುವುದು ಕ್ರಮ. ಬೇಗ ಫಲ ಸಿಗಲೆಂದು ಹಂತ ಹಾರಿಸಿದರೆ ವಾಕರಿಕೆ, ವಾಂತಿ, ಭೇದಿ ಹೆಚ್ಚುತ್ತವೆ. ನೀರಿನಂಶ ಕಳೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದೂ ಉಂಟು. ಮೇಲ್ಹೊಟ್ಟೆಯಲ್ಲಿ ಎದ್ದು ಬೆನ್ನಿಗೆ ಹರಡುವ ತೀವ್ರ ನೋವು ಮೇದೋಜ್ಜೀರಕ ಗ್ರಂಥಿಯ ಉರಿಯೂತದ ಸೂಚನೆಯಾಗಿರಬಹುದು. ಅದನ್ನು ಗ್ಯಾಸ್ಟ್ರಿಕ್ ಎಂದು ಸುಮ್ಮನಿರದೆ ಆಸ್ಪತ್ರೆಗೆ ಧಾವಿಸಬೇಕು.

ಇಳಿಯುವ ತೂಕದಲ್ಲಿ ಕೊಬ್ಬಿನೊಂದಿಗೆ ಸ್ನಾಯುವೂ ಸೇರಿರುತ್ತದೆ. ಊಟ ತಗ್ಗಿದಾಗ ಬೇಳೆ, ಕಾಳು, ಮೊಟ್ಟೆ, ಮೊಸರು ತಟ್ಟೆಯಿಂದ ಮರೆಯಾಗದಂತೆ ನೋಡಿಕೊಳ್ಳುವುದೂ, ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮವೂ ಚಿಕಿತ್ಸೆಯ ಭಾಗವೇ. ಇನ್ನೊಂದು ಸಂಗತಿಯನ್ನು ಮೊದಲೇ ಕೇಳಿ ತಿಳಿಯುವುದೊಳಿತು: ನಿಲ್ಲಿಸಿದ ಮೇಲೆ ಏನು? ಮೇಲೆ ಹೇಳಿದ ಪ್ರಯೋಗದ ಒಂದು ಗುಂಪನ್ನು ಔಷಧ ಬಿಟ್ಟು ಒಂದು ವರ್ಷದ ಬಳಿಕ ತೂಗಿ ನೋಡಿದಾಗ, ಕಳೆದುಕೊಂಡದ್ದರ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಎರಡು ತಿಂಗಳ ಖರ್ಚನ್ನಷ್ಟೇ ಲೆಕ್ಕಹಾಕಿ ಆರಂಭಿಸುವವರು ಈ ಅಂಕಿಯನ್ನು ಮನಗಾಣಬೇಕು.

ಔಷಧದಂಗಡಿಯಲ್ಲಿ ಚೀಟಿ ಕೇಳದೆ ಕೊಡುವವರಿಂದ ಇವನ್ನು ಕೊಳ್ಳಬಾರದು. ತೆರೆಯದ ಪೆನ್ನುಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾಗಿರುವುದರಿಂದ, ಬಿಸಿಲಲ್ಲಿ ಗಂಟೆಗಟ್ಟಲೆ ಅಲೆದು ಮನೆ ಸೇರುವ ಪೊಟ್ಟಣವೂ ನಂಬಿಕೆಗೆ ಅರ್ಹವಲ್ಲ. ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ಒಬ್ಬರ ಪೆನ್ನನ್ನು, ಸೂಜಿ ಬದಲಿಸಿದರೂ ಸರಿಯೇ, ಮನೆಯ ಮತ್ತೊಬ್ಬರು ಬಳಸಲೇಕೂಡದು. ರಕ್ತದಿಂದ ಹರಡುವ ಸೋಂಕುಗಳು ಹಾಗೆಯೂ ದಾಟಬಲ್ಲವು.