ಒದೆಯದ ಬಂದೂಕು

ಧಾರವಾಡ ಜಿಲ್ಲೆಯ ಹಳ್ಳಿಗಳ ಜನ ಬಂದೂಕನ್ನು ಕಂಡಿರುವುದು ಹೆಚ್ಚಾಗಿ ಮೂರು ಕಡೆ. ಕಲಘಟಗಿಯ ಕಾಡಂಚಿನ ಹೊಲಗಳಲ್ಲಿ ಹಂದಿ ಬೆದರಿಸಲು ರೈತ ಇಟ್ಟುಕೊಂಡ ಕೇಪಿನ ಬಂದೂಕು ಒಂದು. ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರನ ಕೈಯಲ್ಲಿರುವ ಜೋಡುನಳಿಗೆ ಇನ್ನೊಂದು. ಪೊಲೀಸ್ ಠಾಣೆಯಲ್ಲಿ ದಶಕಗಳ ಕಾಲ ಕಾಣುತ್ತಿದ್ದ ಪಾಯಿಂಟ್ 303 ರೈಫಲ್ ಮೂರನೆಯದು. ಈ ಮೂರೂ ಹಾರಿಸಿದವನ ಹೆಗಲನ್ನು ಒದೆಯುವಂಥವು.

ಇವುಗಳ ಜೊತೆಗೆ ನಾಲ್ಕನೆಯದೊಂದಿದೆ. ನವಲಗುಂದ, ಕುಂದಗೋಳ, ಅಣ್ಣಿಗೇರಿಗಳಿಂದ ಕಾಲೇಜಿಗೆಂದು ಹೋಗಿ ಎನ್.ಸಿ.ಸಿ. ಸೇರಿದ ಹುಡುಗ ಹುಡುಗಿಯರಿಗೆ ಅದರ ಪರಿಚಯ ಉಂಟು. ಬೋರಲು ಮಲಗಿ, ಎದುರಿನ ಮಣ್ಣಿನ ದಿಬ್ಬಕ್ಕೆ ನಿಲ್ಲಿಸಿದ ಕಾಗದದ ಗುರಿಗೆ ಐದು ಗುಂಡು ಹಾರಿಸಿ ಎದ್ದವರಿಗೆ ಹೆಗಲು ನೋಯುವುದಿಲ್ಲ. ಸದ್ದು ಕೂಡ ದೀಪಾವಳಿಯ ಸಣ್ಣ ಪಟಾಕಿಯಷ್ಟೆ. ಅದೇ ಪಾಯಿಂಟ್ 22 ರೈಫಲ್. ಗುರಿ ಹೊಡೆಯುವುದನ್ನು ಕಲಿಯಬೇಕೆನ್ನುವವರಿಗೆ ಜಗತ್ತಿನ ಬಹುಪಾಲು ಕಡೆ ಮೊದಲು ಕೈಗೆ ಕೊಡುವ ಬೆಂಕಿಯ ಬಂದೂಕು ಇದು. ಕಡಿಮೆ ಖರ್ಚಿನ, ಒದೆಯದ ಈ ಬಂದೂಕು ಹುಟ್ಟಿದ್ದು ಹೇಗೆ, ಶಸ್ತ್ರ ಕಸಿದುಕೊಂಡ ಇತಿಹಾಸವಿರುವ ಈ ಭಾಗಕ್ಕೆ ಬಂದದ್ದು ಯಾವ ದಾರಿಯಿಂದ ಎಂಬುದು ತಿಳಿಯತಕ್ಕ ಸಂಗತಿ.

ಒದೆತದ ಲೆಕ್ಕ

ಗುಂಡು ಮುಂದಕ್ಕೆ ಹೋದರೆ ಬಂದೂಕು ಹಿಂದಕ್ಕೆ ಬರಲೇಬೇಕು. ಇದು ನ್ಯೂಟನ್ ಹೇಳಿದ ನಿಯಮ. ಗುಂಡಿನ ತೂಕ, ಅದರ ವೇಗ ಮತ್ತು ಸಿಡಿಮದ್ದಿನ ಹೊಗೆಯ ರಭಸ ಹೆಚ್ಚಿದಷ್ಟೂ ಒದೆತ ಹೆಚ್ಚು. ಬಂದೂಕಿನ ತೂಕ ಹೆಚ್ಚಿದಷ್ಟೂ ಒದೆತ ಕಡಿಮೆ.

ಪಾಯಿಂಟ್ 303 ರೈಫಲ್ಲಿನ ಗುಂಡು ಸುಮಾರು 11 ಗ್ರಾಂ ತೂಗುತ್ತದೆ, ಸೆಕೆಂಡಿಗೆ 740 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ಪಾಯಿಂಟ್ 22ರ ಗುಂಡು ಎರಡೂವರೆ ಗ್ರಾಮಿಗೆ ತುಸು ಹೆಚ್ಚು, ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ತೂಕವನ್ನು ವೇಗದಿಂದ ಗುಣಿಸಿ ನೋಡಿದರೆ ಮೊದಲನೆಯದರ ನೂಕು ಎರಡನೆಯದರ ಹತ್ತು ಪಟ್ಟಿನ ಸಮೀಪ. ಎರಡು ಬಂದೂಕುಗಳ ತೂಕ ಒಂದೇ ಆಗಿದ್ದರೆ, ಹೆಗಲಿಗೆ ತಾಗುವ ಪೆಟ್ಟಿನ ಶಕ್ತಿಯಲ್ಲಿ ಪಾಯಿಂಟ್ 22ರ ಪಾಲು ಸುಮಾರು ನೂರರಲ್ಲಿ ಒಂದು.

ಇದು ಬರೀ ನೋವಿನ ಮಾತಲ್ಲ. ಒದೆಯುವ ಬಂದೂಕನ್ನು ನಾಲ್ಕು ಸಲ ಹಾರಿಸಿದವನ ಮೈ ಐದನೆಯ ಸಲಕ್ಕೆ ತಾನಾಗಿಯೇ ಬೆಚ್ಚುತ್ತದೆ. ಕುದುರೆ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತದೆ, ಹೆಗಲು ಅಲುಗುತ್ತದೆ, ಗುರಿ ತಪ್ಪುತ್ತದೆ. ಒಮ್ಮೆ ಮೈಗೆ ಹತ್ತಿದ ಈ ಅಂಜಿಕೆಯನ್ನು ಬಿಡಿಸುವುದು ಉಸ್ತಾದರಿಗೆ ಬಲು ಕಷ್ಟದ ಕೆಲಸ. ಹಗುರ ಬಂದೂಕಿನಲ್ಲಿ ಕಲಿತವನಿಗೆ ಆ ಅಭ್ಯಾಸವೇ ಅಂಟುವುದಿಲ್ಲ. ತನ್ನ ತಪ್ಪು ಯಾವುದು, ಬಂದೂಕಿನ ತಪ್ಪು ಯಾವುದು ಎಂಬುದು ಅವನಿಗೆ ಸ್ಪಷ್ಟವಾಗಿ ಕಾಣುತ್ತದೆ.

1857ರಲ್ಲಿ ಎರಡು ಕಡೆ

ಈ ಹಗುರ ಕಾಡತೂಸಿನ ಹುಟ್ಟು 1857ರಲ್ಲಿ. ಅಮೆರಿಕೆಯ ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ಮೊದಲ ರಿವಾಲ್ವರಿಗಾಗಿ ಇಂಚಿನ ನೂರರಲ್ಲಿ 22 ಭಾಗದಷ್ಟು ಅಗಲದ ಪುಟ್ಟ ಕಾಡತೂಸನ್ನು ಮಾರುಕಟ್ಟೆಗೆ ತಂದಿತು. ತಾಮ್ರದ ಕೊಳವೆಯ ಅಂಚಿನಲ್ಲೇ ಸಿಡಿಯುವ ಮದ್ದು, ಮುಂದೆ ಸೀಸದ ಗುಂಡು. ಮಾಡುವುದು ಸುಲಭ, ಬೆಲೆ ಅಗ್ಗ. ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ಎಂಬ ಉದ್ದನೆಯ ರೂಪ 1887ರಲ್ಲಿ ಅಲ್ಲಿಯೇ ಬಂತು.

ಅದೇ 1857ರಲ್ಲಿ ಭಾರತದಲ್ಲಿ ನಡೆದದ್ದು ಬೇರೆ. ಸಿಪಾಯಿಗಳ ದಂಗೆಯಿಂದ ಹೆದರಿದ ಕಂಪನಿ ಸರಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಒಪ್ಪಿಸಿಕೊಳ್ಳುವ ನಿಶ್ಶಸ್ತ್ರೀಕರಣ ಕಾಯಿದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಬೇಟೆ, ಕಾವಲು ಅವರ ವೃತ್ತಿ. ಆಯುಧ ಅವರ ಅನ್ನ. ಆ ವರ್ಷದ ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಊರಿಗೆ ಬಂತು, ಮನೆಗಳಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಲಾವಣಿಕಾರರು ಈ ಕಥೆಯನ್ನು ಹಾಡಿ ಉಳಿಸಿದರು. ಮರುವರ್ಷ ಮೇ ತಿಂಗಳಲ್ಲಿ ನವಲಗುಂದದ ನೆರೆಯ ನರಗುಂದದಲ್ಲಿ ಬಾಬಾಸಾಹೇಬ ಭಾವೆ ಬಂಡೆದ್ದ. ದತ್ತಕಕ್ಕೆ ಒಪ್ಪಿಗೆ ಸಿಗದ ಸಿಟ್ಟಿನ ಜೊತೆಗೆ ಶಸ್ತ್ರ ಒಪ್ಪಿಸಬೇಕೆಂಬ ಒತ್ತಾಯವೂ ಅಲ್ಲಿ ಸೇರಿತ್ತು. 1858ರ ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು.

ಮುಂದೆ 1878ರಲ್ಲಿ ಲಾರ್ಡ್ ಲಿಟ್ಟನ್ನನ ಕಾಲದ ಶಸ್ತ್ರ ಕಾಯಿದೆ ಬಂತು. ಭಾರತೀಯರಿಗೆ ಪರವಾನಗಿ ಬೇಕು, ಯುರೋಪಿಯನ್ನರಿಗೆ ಬೇಡ ಎಂಬ ಭೇದ ಅದರ ನಿಯಮಗಳಲ್ಲಿ ದಶಕಗಳ ಕಾಲ ಉಳಿಯಿತು. ಕರ್ನಾಟಕದಲ್ಲಿ ಕೊಡವರಿಗೆ ವಿನಾಯಿತಿ ದೊರೆಯಿತು. ಅದು ಇಂದಿಗೂ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ಕೊಡಗಿನಲ್ಲಿ ಊರ ಆಟವಾಗಿ ಉಳಿದದ್ದಕ್ಕೆ ಈ ವಿನಾಯಿತಿಯೂ ಒಂದು ಕಾರಣ. ಧಾರವಾಡದ ಬಯಲಿನಲ್ಲಿ ಬಂದೂಕು ಊರ ಆಟವಾಗಲಿಲ್ಲ. ಅದು ಸರಕಾರದ ವಸ್ತುವಾಯಿತು, ಇಲ್ಲವೆ ಕಾಗದಪತ್ರ ಇದ್ದ ಒಬ್ಬಿಬ್ಬರ ವಸ್ತುವಾಯಿತು.

ಬಾಗಿಲ ಚಿಲಕ ಮತ್ತು ರೈತರ ಗುರಿ

ಇದೇ ಅವಧಿಯಲ್ಲಿ ಬಂದೂಕಿನ ಒಳಗೂ ದೊಡ್ಡ ಬದಲಾವಣೆ ನಡೆಯಿತು. ಅಲ್ಲಿಯವರೆಗೆ ಬಂದೂಕಿಗೆ ಬಾಯಿಂದ ಮದ್ದು ತುಂಬಬೇಕಿತ್ತು. ಪ್ರಷ್ಯದ ಡ್ರೈಸ್ ಎಂಬಾತನ ಬಂದೂಕನ್ನು ಅಲ್ಲಿನ ಸೇನೆ 1841ರಲ್ಲಿ ಒಪ್ಪಿಕೊಂಡಿತು. ಅದರಲ್ಲಿ ನಳಿಗೆಯ ಹಿಂಬದಿಯಿಂದ ಕಾಡತೂಸು ಹಾಕಿ, ಬಾಗಿಲ ಚಿಲಕದಂತೆ ಒಂದು ಕಬ್ಬಿಣದ ಸಲಾಕೆಯನ್ನು ಮುಂದೆ ತಳ್ಳಿ, ಹಿಡಿಯನ್ನು ಕೆಳಗೆ ಮಡಚಿದರೆ ಭದ್ರ. ಇದೇ ಬೋಲ್ಟ್. ಮೌಸರ್ ಇದನ್ನು ತಿದ್ದಿ ಬೆಳೆಸಿದ. ಬ್ರಿಟಿಷರ ಲೀ-ಎನ್‌ಫೀಲ್ಡ್ 1895ರಲ್ಲಿ ಬಂತು. ಪಾಯಿಂಟ್ 303 ಎಂದರೆ ಇದೇ.

ಚಿಲಕದ ಬಂದೂಕಿನ ಗುಣವೆಂದರೆ ಗುಂಡು ಹಾರುವಾಗ ಅದರೊಳಗೆ ಅಲುಗುವ ಭಾಗಗಳು ಬಹಳ ಕಡಿಮೆ. ಪ್ರತಿ ಸಲವೂ ಕಾಡತೂಸು ಒಂದೇ ಜಾಗದಲ್ಲಿ, ಒಂದೇ ಬಿಗಿಯಲ್ಲಿ ಕೂರುತ್ತದೆ. ಬಿಚ್ಚಿ ಒರೆಸುವುದು ಸುಲಭ, ಕೆಡುವುದು ಅಪರೂಪ. ಗುರಿಗಾರಿಕೆಗೆ ಇಂದಿಗೂ ಇದನ್ನೇ ನೆಚ್ಚುವುದು ಈ ಕಾರಣಕ್ಕೆ.

ಹಗುರ ಕಾಡತೂಸು ಮತ್ತು ಚಿಲಕದ ಬಂದೂಕು ಜೊತೆಗೂಡಲು ಒಂದು ಯುದ್ಧದ ಪಾಠ ನೆರವಾಯಿತು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕೆಯಲ್ಲಿ ಬೋಯರ್ ರೈತರು ಮೌಸರ್ ಹಿಡಿದು ಬ್ರಿಟಿಷ್ ಸೇನೆಯನ್ನು ಕಂಗೆಡಿಸಿದರು. ಹೊಲಮನೆಯ ಜನಕ್ಕೆ ಇದ್ದ ಗುರಿ ತಮ್ಮ ಸಿಪಾಯಿಗಳಿಗೆ ಇಲ್ಲವೆಂಬುದು ಬ್ರಿಟನ್ನಿಗೆ ಅರಿವಾಯಿತು. ಹಿಂದೆ ಭಾರತದಲ್ಲಿ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ಸಾಮಾನ್ಯ ಜನರೂ ಗುರಿ ಕಲಿಯಬೇಕೆಂದು ಪ್ರಚಾರ ನಡೆಸಿದ. ಕೆಲಸಗಾರರ ರೈಫಲ್ ಕ್ಲಬ್ಬುಗಳ ಸಂಘ 1901ರಲ್ಲಿ ಹುಟ್ಟಿತು. ಕೂಲಿಕಾರನ ಜೇಬಿಗೆ ಎಟಕುವ ಕಾಡತೂಸು, ಊರೊಳಗಿನ ಸಣ್ಣ ಜಾಗಕ್ಕೆ ಹೊಂದುವ ಬಂದೂಕು ಬೇಕಿತ್ತು. ಪಾಯಿಂಟ್ 22 ಎರಡಕ್ಕೂ ಸರಿಹೋಯಿತು. ಸೇನೆಯೂ ಇದನ್ನು ಅನುಸರಿಸಿತು. ಲೀ-ಎನ್‌ಫೀಲ್ಡಿನ ಆಕಾರ, ತೂಕ, ಚಿಲಕ ಎಲ್ಲವನ್ನೂ ಹಾಗೆಯೇ ಇಟ್ಟು, ನಳಿಗೆಯ ತೂತನ್ನು ಮಾತ್ರ ಕಿರಿದು ಮಾಡಿ ಕಲಿಕೆಯ ರೈಫಲ್ ತಯಾರಿಸಿತು. ಹಾಗೆ ಬಂದದ್ದು ‘ನಂಬರ್ 2 ಮಾರ್ಕ್ 4’.

ಇಪ್ಪತ್ತೈದು ಗಜದ ಮೈದಾನ

ಬಯಲುಸೀಮೆಯ ಹಳ್ಳಿಗಳ ಮಕ್ಕಳಿಗೆ ಈ ಬಂದೂಕು ಮುಟ್ಟಿದ್ದು ಅಂಗಡಿಯಿಂದ ಅಲ್ಲ, ಕಾಲೇಜಿನಿಂದ. 1948ರ ಕಾಯಿದೆಯಂತೆ ಎನ್.ಸಿ.ಸಿ. ಹುಟ್ಟಿತು, ಮರುವರ್ಷ ಹುಡುಗಿಯರ ವಿಭಾಗವೂ ಬಂತು. ಧಾರವಾಡದಲ್ಲಿ 1917ರಿಂದಲೇ ಕರ್ನಾಟಕ ಕಾಲೇಜು ಇತ್ತು. 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಅಲ್ಲಿಗೆ ಬಂದು ನೆಲೆಸಿತು. ಸುತ್ತಲಿನ ತಾಲೂಕುಗಳ ರೈತರ ಮಕ್ಕಳು ಓದಲು ಬಂದರು. ಚೀನಾ ಯುದ್ಧದ ನಂತರ 1963ರಲ್ಲಿ ಎನ್.ಸಿ.ಸಿ. ಕಡ್ಡಾಯವಾಗಿ, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ನಡುವಿನ ಆ ಐದು ವರ್ಷ ಕಾಲೇಜು ಮೆಟ್ಟಿಲು ಹತ್ತಿದ ಹುಡುಗರಲ್ಲಿ ಬಹಳ ಮಂದಿ ಖಾಕಿ ತೊಟ್ಟರು.

ಎನ್.ಸಿ.ಸಿ. ಪಾಠಗಳಲ್ಲಿ ಎರಡು ರೈಫಲ್ಲುಗಳ ಹೆಸರು ಬರುತ್ತದೆ. ಹಳೆಯ ನಂಬರ್ 2 ಮಾರ್ಕ್ 4 ಸುಮಾರು 3.9 ಕಿಲೋ ತೂಗುತ್ತದೆ. ‘ಡೀಲಕ್ಸ್’ ಎಂದು ಹೆಸರಾದದ್ದು 2.8 ಕಿಲೋದ ಆಸುಪಾಸು. ಎರಡೂ ಚಿಲಕದವು. ಹಾರಿಸುವುದು 25 ಗಜದಿಂದ. ಐದು ಗುಂಡುಗಳ ತೂತು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಎಂದು ಅಳೆದು ನೋಡುತ್ತಾರೆ. ಎಲ್ಲವೂ ಒಂದೇ ಕಡೆ ಗುಂಪಾಗಿ ಬಿದ್ದಿದ್ದರೆ, ಅದು ಗುರಿಯ ನಡುವೆ ಇಲ್ಲದಿದ್ದರೂ ಚಿಂತೆಯಿಲ್ಲ. ಕೈ ಸ್ಥಿರವಾಗಿದೆ, ಸರಿಪಡಿಸಬೇಕಾದದ್ದು ಬಂದೂಕಿನ ಗುರಿಕಣ್ಣು ಎಂದು ಅರ್ಥ. ಎರಚಿದಂತೆ ಬಿದ್ದಿದ್ದರೆ ಕಲಿಯುವುದು ಇನ್ನೂ ಬಾಕಿ.

ಕಾನೂನಿನ ಒಂದು ಸಾಲು

ಕಾಲೇಜು ಬಿಟ್ಟವನು ಗುರಿ ಮುಂದುವರಿಸಬೇಕೆಂದರೆ ಏನು ದಾರಿ? ಸ್ವತಂತ್ರ ಭಾರತದ 1959ರ ಶಸ್ತ್ರ ಕಾಯಿದೆ ಇದಕ್ಕೆ ಉತ್ತರ ಕೊಟ್ಟಿದೆ. ಅದರ 13ನೆಯ ಕಲಮು ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಬಂದೂಕನ್ನು ಹೆಸರಿಸುತ್ತದೆ. ಅದರ ಬೆನ್ನಿಗೇ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ ಪಾಯಿಂಟ್ 22 ರೈಫಲ್ ಮತ್ತು ಗಾಳಿ ರೈಫಲ್ಲನ್ನೂ ಹೆಸರಿಸುತ್ತದೆ. ಅಂದರೆ ಒಂದು ಆಟಕ್ಕೆ ಯಾವ ಬಂದೂಕು ತಕ್ಕದ್ದು ಎಂಬುದನ್ನು ಕಾನೂನೇ ಗುರುತಿಸಿದೆ. ಸೇನೆಯ ಪಾಯಿಂಟ್ 303 ಸಾಮಾನ್ಯರಿಗೆ ನಿಷಿದ್ಧ ಬೋರು. 1951ರಲ್ಲಿ ಲೋಕಸಭೆಯ ಮುಂದಿನ ಸಭಾಪತಿ ಜಿ.ವಿ. ಮಾವಳಂಕರರ ಮುಂದಾಳ್ತನದಲ್ಲಿ ಭಾರತದ ರಾಷ್ಟ್ರೀಯ ರೈಫಲ್ ಸಂಸ್ಥೆ ಆಗಲೇ ಹುಟ್ಟಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೊಂದು ಬಾಗಿಲು ಮುಚ್ಚಿತು. ಎರಿ ಹೊಲದ ಚಿಗರಿಗೆ ಅದು ಪೂರ್ಣ ರಕ್ಷಣೆ ಕೊಟ್ಟಿತು, ಬೇಟೆಯ ಕಾಲ ಮುಗಿಯಿತು. ಗುರಿಗಾರನಿಗೆ ಉಳಿದದ್ದು ಕಾಗದದ ಗುರಿ ಒಂದೇ. ಕಾಗದಕ್ಕೆ ದೊಡ್ಡ ಗುಂಡು ಬೇಕಿಲ್ಲ.

ಆಯ್ಕೆ ಹೇಗೆ

ಆದ್ದರಿಂದ ಹೊಸಬರು ಬಂದೂಕು ಆರಿಸುವಾಗ ಅನುಭವಿಗಳು ಹೇಳುವ ಮಾತು ಸರಳ. ಹೊಡೆತದ ಬಲ ನೋಡಬೇಡಿ, ಮೈಗೆ ಹೊಂದುತ್ತದೆಯೇ ನೋಡಿ. ಹೆಗಲಿಗೆ ಆನಿಸುವ ಮರದ ಭಾಗ ತೋಳಿನ ಅಳತೆಗೆ ಉದ್ದವಾದರೆ ಕತ್ತು ಚಾಚಬೇಕಾಗುತ್ತದೆ, ಗಿಡ್ಡವಾದರೆ ಮೊಣಕೈ ಮುದುಡುತ್ತದೆ. ತೀರ ಹಗುರವಾದದ್ದು ಕೈಯಲ್ಲಿ ನಡುಗುತ್ತದೆ, ತೀರ ಭಾರವಾದದ್ದು ಬೇಗ ದಣಿಸುತ್ತದೆ. ಕುದುರೆ ತಡೆಯಿಲ್ಲದೆ, ಪ್ರತಿ ಸಲ ಒಂದೇ ಬಿಗಿಯಲ್ಲಿ ಸಿಡಿಯಬೇಕು. ಗುರಿಕಣ್ಣನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸಲು ಬರಬೇಕು. ಹಳೆಯ ಬಂದೂಕಾದರೆ ನಳಿಗೆಯೊಳಗಿನ ಸುರುಳಿ ಗೆರೆ ಸವೆದಿಲ್ಲವೆಂದು ತಿಳಿದವರಿಗೆ ತೋರಿಸಬೇಕು.

ಬೆಲೆಯ ವಿಷಯದಲ್ಲಿ ಅಂತರ ದೊಡ್ಡದು. ಅಂತಾರಾಷ್ಟ್ರೀಯ ಸ್ಪರ್ಧೆಗೆ ಬಳಸುವ ಜರ್ಮನಿಯ ರೈಫಲ್ಲುಗಳಿಗೆ ಹಲವು ಲಕ್ಷ ರೂಪಾಯಿ ಬೇಕು. ಬಂಗಾಳದ ಇಶಾಪುರದ ಸರಕಾರಿ ಕಾರ್ಖಾನೆ ತಯಾರಿಸುತ್ತ ಬಂದ ಪಾಯಿಂಟ್ 22 ಸ್ಪೋರ್ಟಿಂಗ್ ರೈಫಲ್ ಅದಕ್ಕಿಂತ ಬಹಳ ಅಗ್ಗ, ಕಲಿಕೆಗೆ ಸಾಕು. ಆದರೆ ಬಂದೂಕು ಒಮ್ಮೆ ಕೊಳ್ಳುವಂಥದು, ಕಾಡತೂಸು ದಿನವೂ ಬೇಕು. ನಿಜವಾದ ಖರ್ಚು ಅಲ್ಲಿದೆ. ಪರವಾನಗಿಗೆ 21 ವರ್ಷ ತುಂಬಿರಬೇಕು, 2016ರ ನಿಯಮಗಳಂತೆ ಸುರಕ್ಷತೆಯ ತರಬೇತಿ ಆಗಿರಬೇಕು. ಇದೆಲ್ಲಕ್ಕೂ ಮುಂಚಿನ ಮೆಟ್ಟಿಲು ಗಾಳಿ ರೈಫಲ್. ನಳಿಗೆ 4.5 ಮಿಲಿಮೀಟರ್, ಗುಂಡಿನ ಶಕ್ತಿ 20 ಜೂಲ್ ಮೀರದಿದ್ದರೆ ಅದಕ್ಕೆ ಪರವಾನಗಿ ಬೇಕಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಗಾಳಿ ರೈಫಲ್ಲಿನಲ್ಲೇ.

ಪಾಯಿಂಟ್ 22 ರೈಫಲ್ಲಿನಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ಬರಲು 2024ರವರೆಗೆ ಕಾಯಬೇಕಾಯಿತು. ಪ್ಯಾರಿಸ್ಸಿನಲ್ಲಿ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಬೆಳಗಾವಿಗೆ ತಾಗಿದ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯವರು, ರೈಲ್ವೆಯ ನೌಕರ. ಗುರಿಯ ನಡುವಿನ ಹತ್ತರ ವೃತ್ತ ಅಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲ. ಅದನ್ನು ಮಂಡಿಯೂರಿ, ಮಲಗಿ, ನಿಂತು ಹೊಡೆಯಬೇಕು.

ಕೊಲ್ಹಾಪುರದ ಹಳ್ಳಿಗೆ ಸಾಧ್ಯವಾದದ್ದು ಕುಂದಗೋಳದ ಹಳ್ಳಿಗೆ ಅಸಾಧ್ಯವೇನಲ್ಲ. ಕಣ್ಣು, ಉಸಿರು, ತಾಳ್ಮೆ ಎಲ್ಲ ಕಡೆಯೂ ಇವೆ. ಕಾನೂನಿನ ಸಾಲು ಕ್ಲಬ್ಬಿನ ಸದಸ್ಯನಿಗೆ ಬಂದೂಕು ಕೊಡುತ್ತದೆ. ಕ್ಲಬ್ಬಿನವರೆಗೆ ಹೋಗುವ ಬಸ್ಸಿನ ಚಾರ್ಜು, ಕಾಡತೂಸಿನ ಹಣ ಕೊಡುವುದಿಲ್ಲ. ಬ್ರಿಟನ್ನಿನ ಕೆಲಸಗಾರರು 1901ರಲ್ಲಿ ಈ ತೊಡಕನ್ನು ಬಿಡಿಸಿದ್ದು ಒಂದೇ ಬಂದೂಕನ್ನು ಹತ್ತು ಜನ ಹಂಚಿಕೊಂಡು. ಎನ್.ಸಿ.ಸಿ. ಮಾಡಿದ್ದೂ ಅದನ್ನೇ. ಒದೆಯದ ಬಂದೂಕು ಬಡವರ ಕೈಗೆ ಎಟಕಿದ್ದು ಎಲ್ಲ ಕಡೆಯೂ ಹೀಗೆ ಹಂಚಿಕೊಂಡಾಗಲೇ. ಶಾಲೆ ಕಾಲೇಜುಗಳಲ್ಲಿ ಆ ಹಂಚಿಕೆ ನಿಂತರೆ, ಬಯಲುಸೀಮೆಯ ಹುಡುಗನಿಗೆ ಬಂದೂಕು ಮತ್ತೆ ಬ್ಯಾಂಕಿನ ಬಾಗಿಲಲ್ಲಿ ನೋಡುವ ವಸ್ತುವಾಗಿಯೇ ಉಳಿಯುತ್ತದೆ.