ಹಾಜಿ ಅಬ್ದುಲ್ಲಾ ಸಾಹೇಬ್

ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್ (1882–1935): ಉಡುಪಿಯ ವರ್ತಕ, ಬ್ಯಾಂಕ್ ಸ್ಥಾಪಕ, ದಾನಿ, ಜನಪ್ರತಿನಿಧಿ. ಸಾಲಕ್ಕೆ ಲೇವಾದೇವಿಗಾರರೇ ಗತಿಯಾಗಿದ್ದ ಕಾಲದಲ್ಲಿ, 1906ರ ಮಾರ್ಚ್ 12ರಂದು ಊರಿನ ಗಣ್ಯರನ್ನು ಕೂಡಿಸಿಕೊಂಡು 5,000 ರೂಪಾಯಿ ಬಂಡವಾಳದಿಂದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಮೊದಲ ದಿನ ಕೂಡಿದ ಹಣ 38 ರೂಪಾಯಿ 13 ಆಣೆ 2 ಪೈ. ದೇವಾಲಯದ ರಥಬೀದಿಯ ಊರಾದ ಉಡುಪಿಯಲ್ಲಿ ಮುಸ್ಲಿಂ ವ್ಯಾಪಾರಿಯೊಬ್ಬರ ಮಾತಿಗೆ ಎಲ್ಲ ಮತದವರೂ ಉಳಿತಾಯ ಒಪ್ಪಿಸಿದ್ದು ಅವರ ನಿಜವಾದ ಸಾಧನೆ. 1920ರ ದಶಕದಲ್ಲಿ ಪಶ್ಚಿಮ ಕರಾವಳಿ–ನೀಲಗಿರಿ ಮುಸ್ಲಿಂ ಕ್ಷೇತ್ರದಿಂದ ಕೇಂದ್ರ ಶಾಸನಸಭೆಯ ಸದಸ್ಯರಾಗಿದ್ದರು. ಉಡುಪಿಯ ಸರ್ಕಾರಿ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರೂ ಅವರೇ. ಅದು ಇಂದಿಗೂ ಅವರ ಹೆಸರಿನಲ್ಲಿದೆ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಅವರ ಬ್ಯಾಂಕ್ 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು.